ಘಾಟಿ ಇಳಿಯುವ ಮೊದಲು ನಾನೇ ನೋಡಿಕೊಳ್ಳುವುದು

ಚಿಕ್ಕಮಗಳೂರಿನಿಂದ ಮೂಡಿಗೆರೆಗೆ ಕೆಲಸಕ್ಕೆಂದು ವಾರಕ್ಕೆ ಆರು ದಿನ ಕಾರಿನಲ್ಲೇ ಹೋಗಿಬರುವ ನಾನು, ಮೊದಲ ನಾಲ್ಕು ವರ್ಷ ಬಾನೆಟ್ ಎತ್ತಿ ನೋಡಿದವನೇ ಅಲ್ಲ. ವರ್ಷಕ್ಕೊಮ್ಮೆ ಸರ್ವಿಸ್‌ಗೆ ಬಿಡುತ್ತಿದ್ದೆ, ಬಿಲ್ಲಿನಲ್ಲಿ ಎಲ್ಲದರ ಮುಂದೆಯೂ ಸರಿ ಗುರುತು ಇರುತ್ತಿತ್ತು, ಅಷ್ಟು ಸಾಕೆಂದು ನಂಬಿದ್ದೆ. ಆ ನಂಬಿಕೆ ಮುರಿದದ್ದು ಚಾರ್ಮಾಡಿ ಘಾಟಿಯಲ್ಲಿ.

ಮನೆಯವರನ್ನೆಲ್ಲ ಕೂರಿಸಿಕೊಂಡು ಧರ್ಮಸ್ಥಳಕ್ಕೆ ಹೊರಟಿದ್ದೆವು. ಕೊಟ್ಟಿಗೆಹಾರ ದಾಟಿದ ಮೇಲೆ ಲಾರಿಯೊಂದರ ಹಿಂದೆ, ಮೂರನೇ ಗೇರಿನಲ್ಲೇ, ಬ್ರೇಕನ್ನು ಒತ್ತಿಕೊಂಡೇ ಇಳಿಯುತ್ತಿದ್ದೆ. ಅರ್ಧ ಘಾಟಿ ಇಳಿಯುವಷ್ಟರಲ್ಲಿ ಪೆಡಲ್ ಮೆತ್ತಗಾಗಿ, ಒತ್ತಿದಷ್ಟೂ ಕೆಳಕ್ಕೆ ಇಳಿಯತೊಡಗಿತು. ತಕ್ಷಣ ಎರಡನೇ ಗೇರಿಗೆ, ಅಲ್ಲಿಂದ ಒಂದನೆಯದಕ್ಕೆ ಇಳಿಸಿ, ಹ್ಯಾಂಡ್‌ಬ್ರೇಕನ್ನು ಸ್ವಲ್ಪಸ್ವಲ್ಪವೇ ಎಳೆಯುತ್ತ ರಸ್ತೆ ಅಗಲವಿದ್ದ ಕಡೆ ನಿಲ್ಲಿಸಿದೆ. ಮುಕ್ಕಾಲು ಗಂಟೆ ಕಾದ ಮೇಲೆ ಪೆಡಲ್ ಮತ್ತೆ ಗಟ್ಟಿಯಾಯಿತು. ಒಂದನೇ ಗೇರಿನಲ್ಲೇ ಉಜಿರೆಯವರೆಗೆ ಹೋದೆವು. ಅಲ್ಲಿಯ ಮೆಕ್ಯಾನಿಕ್ ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳ ತೆಗೆದು, "ಸಾರ್, ಇದನ್ನು ಕೊನೆಯ ಸಲ ಬದಲಾಯಿಸಿದ್ದು ಯಾವಾಗ?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಹೊಸದು ತಿಳಿ ಜೇನಿನಂತಿರಬೇಕಾದದ್ದು, ನಮ್ಮದು ಕಾಫಿ ಡಿಕಾಕ್ಷನ್ನಿನಂತೆ ಕಪ್ಪಾಗಿತ್ತು.

ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುವ ದ್ರವ. ಡಾಟ್ 4 ದರ್ಜೆಯ ಹೊಸ ಆಯಿಲ್ ಕುದಿಯಲು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಬೇಕು, ಶೇ. 3.7ರಷ್ಟು ನೀರು ಸೇರಿದರೆ ಆ ಮಿತಿ 155 ಡಿಗ್ರಿಗೆ ಇಳಿದುಬಿಡುತ್ತದೆ. ಇಳಿಜಾರಿನಲ್ಲಿ ಬ್ರೇಕ್ ಒತ್ತಿಕೊಂಡೇ ಇದ್ದರೆ ಚಕ್ರದೊಂದಿಗೆ ತಿರುಗುವ ಬ್ರೇಕ್ ಡಿಸ್ಕಿನ ಕಾವು ಆಯಿಲ್‌ಗೆ ಏರಿ, ಅದು ಕುದಿದು ಗುಳ್ಳೆಗಳಾಗುತ್ತವೆ. ದ್ರವವನ್ನು ಒತ್ತಿದರೆ ಕುಗ್ಗುವುದಿಲ್ಲ, ಗುಳ್ಳೆ ಕುಗ್ಗುತ್ತದೆ. ಆದ್ದರಿಂದಲೇ ಪೆಡಲ್ ಕೆಳಗಿಳಿದರೂ ಚಕ್ರ ಹಿಡಿಯುವುದಿಲ್ಲ. ತಿಂಗಳುಗಟ್ಟಲೆ ಮಳೆ ಹಿಡಿಯುವ ಮಲೆನಾಡಿನಲ್ಲಿ ಇದನ್ನು ಎರಡು ವರ್ಷಕ್ಕೊಮ್ಮೆ ಬದಲಾಯಿಸಲೇಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಡಬ್ಬಿಯಲ್ಲಿ ಮಟ್ಟ ನಿಧಾನವಾಗಿ ಇಳಿಯುತ್ತಿದ್ದರೆ ಸಾಮಾನ್ಯವಾಗಿ ಡಿಸ್ಕನ್ನು ಒತ್ತಿ ಹಿಡಿಯುವ ಬ್ರೇಕ್ ಪ್ಯಾಡ್ ಸವೆಯುತ್ತಿದೆ ಎಂದರ್ಥ. ಆಗ ಮೇಲಿನಿಂದ ತುಂಬಿಸಿ ಸುಮ್ಮನಾಗದೆ ಪ್ಯಾಡ್ ನೋಡಿಸುತ್ತೇನೆ. ದಿಢೀರನೆ ಇಳಿದಿದ್ದರೆ ಎಲ್ಲೋ ಸೋರುತ್ತಿದೆ, ಆ ಕಾರನ್ನು ಓಡಿಸಬಾರದು.

ಅಂದಿನಿಂದ ಪ್ರತಿ ಭಾನುವಾರ ಬೆಳಿಗ್ಗೆ ಕಾರಿನ ಮುಂದೆ ಕಾಲು ಗಂಟೆ ನಿಲ್ಲುತ್ತೇನೆ. ಬೆಳಿಗ್ಗೆಯೇ ಏಕೆಂದರೆ ಎಂಜಿನ್ನೂ ಟೈರೂ ರಾತ್ರಿಯಿಡೀ ತಣ್ಣಗಾಗಿರುತ್ತವೆ. ಸಮತಟ್ಟಾದ ಅಂಗಳದಲ್ಲಿ, ಎಂಜಿನ್ ಆಯಿಲ್ಲಿನ ಮಟ್ಟ ತೋರಿಸುವ ಕಡ್ಡಿಯಾದ ಡಿಪ್‌ಸ್ಟಿಕ್ ಎಳೆದು, ಹಳೆಯ ಪಂಚೆಯ ತುಂಡಿನಲ್ಲಿ ಒರೆಸಿ, ಮತ್ತೆ ಪೂರ್ತಿ ಒಳಗಿಳಿಸಿ ಎಳೆದು ನೋಡುತ್ತೇನೆ. ಒರೆಸದೆ ಮೊದಲ ಸಲ ಎಳೆದಾಗ ಕಾಣುವ ಗುರುತನ್ನು ನಂಬುವಂತಿಲ್ಲ. ಎಂಜಿನ್ ಆಯಿಲ್ ಎರಡು ಗೆರೆಗಳ ನಡುವೆ ಇರಬೇಕು, ಮೇಲಿನ ಗೆರೆ ದಾಟಿದರೂ ಒಳ್ಳೆಯದಲ್ಲ. ಡೀಸೆಲ್ ಕಾರಿನಲ್ಲಿ ಹೊಸ ಆಯಿಲ್ ಕೂಡ ಬೇಗ ಕಪ್ಪಾಗುವುದರಿಂದ ಬಣ್ಣ ನೋಡಿ ಹೆದರಬೇಕಿಲ್ಲ. ಆದರೆ ಡಿಪ್‌ಸ್ಟಿಕ್ಕಿನ ಆಯಿಲ್ಲೇ ಹಾಲು ಬೆರೆತಂತೆ ಕಂಡರೆ ನೀರು ಸೇರಿರಬಹುದು, ಗ್ಯಾರೇಜಿಗೆ ಹೋಗಲೇಬೇಕು. ಎಂಜಿನ್ನನ್ನು ತಣ್ಣಗಿಡುವ ದ್ರವ, ಅಂದರೆ ಕೂಲೆಂಟಿನ ಮಟ್ಟವನ್ನು ಡಬ್ಬಿಯ ಹೊರಗಿನಿಂದಲೇ ನೋಡುತ್ತೇನೆ. ಎಂಜಿನ್ ಬಿಸಿಯಿರುವಾಗ ಆ ಮುಚ್ಚಳವನ್ನು ತೆರೆದರೆ ಒತ್ತಡದಲ್ಲಿರುವ ಕುದಿನೀರು ಮುಖಕ್ಕೇ ಚಿಮ್ಮುತ್ತದೆ.

ಟೈರಿನ ಗಾಳಿಗೆ ನನ್ನದೇ ಚಿಕ್ಕ ಗೇಜ್ ಇಟ್ಟುಕೊಂಡಿದ್ದೇನೆ. ಎಷ್ಟಿರಬೇಕೆಂಬುದು ಚಾಲಕನ ಬಾಗಿಲು ತೆರೆದರೆ ಕಾಣುವ ಚೀಟಿಯಲ್ಲಿದೆ. ನನ್ನ ಕಾರಿಗೆ 33 ಪಿಎಸ್‌ಐ. ಓಡಿ ಬಿಸಿಯಾದ ಟೈರಿನಲ್ಲಿ ಒತ್ತಡ ಹೆಚ್ಚು ತೋರುವುದರಿಂದ, ಊರೆಲ್ಲ ಸುತ್ತಿ ಬಂಕಿನಲ್ಲಿ ಅಳೆದರೆ ನಿಜವಾದ ಲೆಕ್ಕ ಸಿಗುವುದಿಲ್ಲ. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕು ಅಂಕಿ ತಯಾರಾದ ವಾರ ಮತ್ತು ವರ್ಷವನ್ನು ಹೇಳುತ್ತದೆ: 2319 ಎಂದಿದ್ದರೆ 2019ರ 23ನೇ ವಾರ. ಹಳೆಯ ಟೈರನ್ನು ಹೊಸದೆಂದು ಮಾರಲು ಬಂದವರನ್ನು ಈ ಅಂಕಿಯಿಂದಲೇ ನಾನೊಮ್ಮೆ ತಡೆದಿದ್ದೇನೆ. ಟೈರಿನ ಮೈಮೇಲಿನ ತೋಡುಗಳ ಆಳ 1.6 ಮಿ.ಮೀ.ಗೆ ಇಳಿದರೆ ಟೈರಿನ ಆಯುಸ್ಸು ಮುಗಿದಂತೆ, ಅದನ್ನು ತೋರಿಸಲೆಂದೇ ಆ ತೋಡುಗಳ ನಡುವೆ ಚಿಕ್ಕ ದಿಣ್ಣೆಗಳಿರುತ್ತವೆ. ನಾನು ಮಾತ್ರ 3 ಮಿ.ಮೀ. ಆಗುತ್ತಿದ್ದಂತೆ, ಜೂನ್ ತಿಂಗಳಿಗೆ ಮೊದಲೇ ಬದಲಾಯಿಸುತ್ತೇನೆ. ಸವೆದ ಟೈರು ರಸ್ತೆಯ ನೀರನ್ನು ಹೊರದಬ್ಬಲಾರದೆ ಅದರ ಮೇಲೆ ತೇಲುವುದನ್ನು ಮಳೆಯಲ್ಲಿ ಸ್ಟಿಯರಿಂಗ್ ಹಿಡಿದವರು ಬಲ್ಲರು. ಸ್ಟೆಪ್ನಿಗೂ ಅಂದೇ ಗಾಳಿ ನೋಡುತ್ತೇನೆ.

ವೈಪರ್ ಗಾಜಿನ ಮೇಲೆ ಗೆರೆ ಉಳಿಸಿದರೆ ಬ್ಲೇಡ್ ಬದಲಿಸುತ್ತೇನೆ. ಬ್ಯಾಟರಿಯ ತುದಿಗಳಲ್ಲಿ ಬಿಳಿ ಪುಡಿ ಕಂಡರೆ ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ಹಳೆಯ ಟೂತ್ ಬ್ರಷ್‌ನಿಂದ ಉಜ್ಜುತ್ತೇನೆ, ಉಜ್ಜುವ ಮುನ್ನ ಮೊದಲು ನೆಗೆಟಿವ್ ವೈರನ್ನು ಬಿಚ್ಚಿರುತ್ತೇನೆ. ಬ್ರೇಕ್ ಲೈಟ್ ನೋಡಲು ಎರಡನೆಯವರು ಬೇಕಿಲ್ಲ. ಕತ್ತಲಾದ ಮೇಲೆ ಕಾಂಪೌಂಡ್ ಗೋಡೆಗೆ ಹಿಂಬದಿ ಮಾಡಿ ನಿಲ್ಲಿಸಿ ಪೆಡಲ್ ಒತ್ತಿದರೆ ಗೋಡೆಯ ಮೇಲೆ ಎರಡು ಕೆಂಪು ಬೆಳಕು ಬೀಳಬೇಕು.

ತೋಟದ ಪಕ್ಕ ಕಾರು ನಿಲ್ಲಿಸುವವರು ಇನ್ನೊಂದನ್ನು ನೋಡಬೇಕು. ಮುಂಗಾಜಿನ ಬುಡದಲ್ಲಿ ನೀರು ಹರಿದುಹೋಗುವ ಸಂದಿಗೆ ಸಿಲ್ವರ್ ಓಕ್ ಎಲೆಗಳು ಬಿದ್ದು ಕೊಳೆತು ಕಟ್ಟಿಕೊಳ್ಳುತ್ತವೆ. ಕಳೆದ ಮಳೆಗಾಲದಲ್ಲಿ ಮುಂದಿನ ಸೀಟಿನ ಕಾಲಡಿಯ ಕಾರ್ಪೆಟ್ ಹಿಂಡಿದರೆ ನೀರು ಬರುವಷ್ಟು ಒದ್ದೆಯಾಗಿದ್ದಾಗ, ಬಾಗಿಲ ರಬ್ಬರಿನ ಮೇಲೆ ಅನುಮಾನಪಟ್ಟು ಎರಡು ದಿನ ಹುಡುಕಿದ್ದೆ. ಕೊನೆಗೆ ಆ ಸಂದಿಯಿಂದ ಎರಡು ಬೊಗಸೆ ಕಪ್ಪು ಗೊಬ್ಬರದಂಥ ಎಲೆ ತೆಗೆದೆ. ಅದರೊಳಗೆ ಇಲಿ ಕಡಿದ ವೈರಿನ ಸಿಪ್ಪೆಯೂ ಇತ್ತು. ಹಾಗಾಗಿ ಈಗ ಬಾನೆಟ್ ಎತ್ತಿದ ಕೂಡಲೇ ಮೊದಲು ಕೈ ಹೋಗುವುದು ಆ ಸಂದಿಗೆ, ಕಣ್ಣು ಹೋಗುವುದು ವೈರುಗಳ ಕಡೆಗೆ, ಡಿಪ್‌ಸ್ಟಿಕ್ ಆಮೇಲೆ.