೬-೪-೩: ಮರೀನರ್ಸ್ ತಂಡದ ಹಿಂದೆ ನನ್ನ ಹದಿನಾಲ್ಕು ವರ್ಷ

ನಾನು ಮೈಸೂರಿನಿಂದ ಸಿಯಾಟಲ್‌ಗೆ ಬಂದಿದ್ದು 2011ರ ಜುಲೈನಲ್ಲಿ. ಊರಿನ ಬೇಸ್‌ಬಾಲ್ ತಂಡ ಮರೀನರ್ಸ್ ಅದೇ ತಿಂಗಳು ಸತತ 17 ಪಂದ್ಯ ಸೋತಿತ್ತು. ಆಗಸ್ಟ್‌ನಲ್ಲಿ ಆಫೀಸಿನವರೊಬ್ಬರು ಮಿಕ್ಕಿದ್ದ ಟಿಕೆಟ್ ಒಂದನ್ನು ಕೊಟ್ಟರು. ಊರು ನೋಡಿದ ಹಾಗಾಗುತ್ತದೆ ಅಂತ ಹೋದೆ.

ಮೇಲಿನ ಅಂತಸ್ತು, ಅಗ್ಗದ ಸೀಟು. ಪಕ್ಕದಲ್ಲಿ ಎಪ್ಪತ್ತು ದಾಟಿದ ಒಬ್ಬ ಅಜ್ಜಿ. ಕಿವಿಯಲ್ಲಿ ಸಣ್ಣ ರೇಡಿಯೋ, ತೊಡೆಯ ಮೇಲೆ ಚೌಕಗಳ ಒಂದು ಪುಸ್ತಕ, ಕೈಯಲ್ಲಿ ಪೆನ್ಸಿಲ್. ಪ್ರತಿ ಎಸೆತಕ್ಕೂ ಏನೋ ಗುರುತು ಹಾಕುತ್ತಿದ್ದರು. ನನಗೆ ಥಟ್ಟನೆ ಅಪ್ಪನ ನೆನಪಾಯಿತು. ಅಪ್ಪನೂ ಹೀಗೇ ಟ್ರಾನ್ಸಿಸ್ಟರ್ ಕಿವಿಗೆ ಹಚ್ಚಿಕೊಂಡು, ಹಳೆ ಕ್ಯಾಲೆಂಡರಿನ ಹಿಂದೆ ಕ್ರಿಕೆಟ್ ಸ್ಕೋರ್ ಬರೆಯುತ್ತಿದ್ದರು. ನಾನು ಇಣುಕುತ್ತಿರುವುದನ್ನು ನೋಡಿ ಅಜ್ಜಿ ಪುಸ್ತಕವನ್ನು ನನ್ನ ಕಡೆ ವಾಲಿಸಿದರು. ಆವತ್ತು ಆಟಕ್ಕಿಂತ ಜಾಸ್ತಿ ನೋಡಿದ್ದು ಆ ಪುಟವನ್ನೇ.

ಲೆಕ್ಕ ಸುಲಭ. ಮೈದಾನದ ಒಂಬತ್ತು ಜಾಗಕ್ಕೂ ಒಂದೊಂದು ಅಂಕಿ. ಚೆಂಡು ಎಸೆಯುವ ಪಿಚರ್ 1, ಹಿಂದೆ ಹಿಡಿಯುವ ಕ್ಯಾಚರ್ 2. ಚೆಂಡು ಹೊಡೆದವನು ಒಂದಾದ ಮೇಲೊಂದು ಓಡಿ ಮುಟ್ಟಬೇಕಾದ ಮೂಲೆಗಳೇ ಬೇಸ್; ಮೂರನ್ನೂ ಸುತ್ತಿ, ಹೊರಟ ಜಾಗವಾದ ಹೋಮ್ ಪ್ಲೇಟಿಗೆ ಮರಳಿದರೆ ಒಂದು ರನ್. ಮೊದಲ ಬೇಸ್ ಕಾಯುವವರು 3, ಎರಡನೆಯದು 4, ಮೂರನೆಯದು 5. ಎರಡು ಮತ್ತು ಮೂರನೇ ಬೇಸ್ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್ 6. ಹೊರಗಿನ ಮೂವರು ಎಡದಿಂದ ಬಲಕ್ಕೆ 7, 8, 9. ಶಾರ್ಟ್‌ಸ್ಟಾಪ್ ಚೆಂಡು ಹಿಡಿದು ಎರಡನೇ ಬೇಸ್‌ಗೆ ಕೊಟ್ಟು, ಅಲ್ಲಿಂದ ಅದು ಮೊದಲ ಬೇಸ್‌ಗೆ ಹೋಗಿ ಇಬ್ಬರು ಔಟಾದರೆ 6-4-3. ಅಷ್ಟೇ. ಮೂರು ಅಂಕಿಯಲ್ಲಿ ಇಡೀ ಓಟ, ಎಸೆತ, ಧೂಳು ಎಲ್ಲ ಕಣ್ಣಿಗೆ ಬರುತ್ತದೆ.

ಮರುವಾರವೇ ನಾನೂ ಒಂದು ಪುಸ್ತಕ ಕೊಂಡೆ. ಬರೆಯಲು ಕೂತಾಗ ಕೈ ತಾನಾಗಿಯೇ ಕನ್ನಡ ಅಂಕಿ ಬರೆಯಿತು. ೬-೪-೩. ಅಮ್ಮ ಪ್ರೈಮರಿ ಶಾಲೆಯ ಟೀಚರ್ ಆಗಿದ್ದವರು. ಮನೆಯ ಹಾಲಿನ ಲೆಕ್ಕವೂ ಕನ್ನಡ ಅಂಕಿಯಲ್ಲೇ ಇರುತ್ತಿತ್ತು. ಮೂರು ಸ್ಟ್ರೈಕ್ (ಬೀಸಿಯೂ ತಾಗದ, ಇಲ್ಲವೇ ಹೊಡೆಯಬೇಕಿದ್ದರೂ ಬಿಟ್ಟ ಎಸೆತ) ಆಗಿ ಔಟಾದರೆ ಇಲ್ಲಿಯವರು ‘ಕೆ’ ಅಕ್ಷರ ಬರೆಯುತ್ತಾರೆ. ಬ್ಯಾಟ್ ಬೀಸದೆ ನಿಂತೇ ಔಟಾದರೆ ಅದೇ ಅಕ್ಷರ ತಿರುಗುಮುರುಗು. ನಾನು ‘ಕ’ ಬರೆಯುತ್ತೇನೆ. ಅದನ್ನು ತಿರುಗಿಸಿದರೂ ಹೆಚ್ಚುಕಮ್ಮಿ ಹಾಗೇ ಕಾಣುತ್ತದೆ, ಹಾಗಾಗಿ ಕೆಳಗೊಂದು ಗೆರೆ ಎಳೆಯುತ್ತೇನೆ.

ಒಂದು ಋತುವಿಗೆ 162 ಪಂದ್ಯ. ಮಾರ್ಚ್ ಕೊನೆಯಿಂದ ಸೆಪ್ಟೆಂಬರ್ ಕೊನೆವರೆಗೆ ಹೆಚ್ಚುಕಮ್ಮಿ ದಿನವೂ ಆಟ ಇರುತ್ತದೆ. ಎಲ್ಲವನ್ನೂ ಕೂತು ನೋಡಲು ಸಂಸಾರಸ್ಥರಿಗೆ ಆಗದು. ಅದಕ್ಕೇ ನನ್ನದು ರೇಡಿಯೋ. ಸಂಜೆ ಅಡುಗೆಮನೆಯ ಕಟ್ಟೆ ಮೇಲೆ ರೇಡಿಯೋ, ಪಕ್ಕದಲ್ಲಿ ಪುಸ್ತಕ. ಒಂದು ಕೈ ಸೌಟಿಗೆ, ಒಂದು ಕೈ ಪೆನ್ಸಿಲಿಗೆ. ನನ್ನ ಕೆಲವು ಪುಟಗಳಲ್ಲಿ ಅರಿಶಿನದ ಬೆರಳಚ್ಚು ಇನ್ನೂ ಇದೆ. ಟಿವಿಯಲ್ಲಿ ನೋಡಿದ ಆಟ ನನಗೆ ಮರೆತುಹೋಗುತ್ತದೆ. ಕೇಳಿ ಬರೆದದ್ದು ಉಳಿಯುತ್ತದೆ. ಹೊಸದಾಗಿ ಈ ಆಟ ಹಿಡಿಯುವವರಿಗೆ ನಾನು ಹೇಳುವುದು ಇದನ್ನೇ: ದುಬಾರಿ ಟಿಕೆಟ್ಟಿಗೆ, ಜೆರ್ಸಿಗೆ ದುಡ್ಡು ಸುರಿಯಬೇಡಿ. ಒಂದು ಪುಸ್ತಕ, ಒಂದು ಪೆನ್ಸಿಲ್, ಒಂದು ರೇಡಿಯೋ ಸಾಕು.

ವರ್ಷಕ್ಕೆ ಏಳೆಂಟು ಸಲ ಮೈದಾನಕ್ಕೇ ಹೋಗುತ್ತೇನೆ. ನಮ್ಮವರು ಜಾಸ್ತಿ ಇರುವುದು ಸರೋವರದ ಆಚೆ, ಬೆಲ್‌ವ್ಯೂ, ರೆಡ್ಮಂಡ್ ಕಡೆ. ನಮ್ಮ ಮನೆ ದಕ್ಷಿಣಕ್ಕೆ, ಟಕ್ವಿಲಾದಲ್ಲಿ. ಅಲ್ಲಿಂದ ಲೈಟ್ ರೈಲ್ ಹತ್ತಿದರೆ ಸ್ಟೇಡಿಯಂ ಸ್ಟೇಷನ್ನಿನಲ್ಲೇ ಇಳಿಯಬಹುದು. ನಾನು ಬಂದಾಗ ಮೈದಾನದ ಹೆಸರು ಸೇಫ್‌ಕೋ ಫೀಲ್ಡ್, ಈಗ ಟಿ-ಮೊಬೈಲ್ ಪಾರ್ಕ್. ಮನೆಯಿಂದ ತಿಂಡಿ ಒಯ್ಯಲು ಬಿಡುತ್ತಾರೆ. ಹಾಗಾಗಿ ಪುಳಿಯೋಗರೆ ಕಟ್ಟಿಕೊಂಡು ಹೋಗುತ್ತೇವೆ. ಹೋಮ್ ಪ್ಲೇಟ್ ಹಿಂದೆ, ಮೇಲಿನ ಅಂತಸ್ತಿನ ಸೀಟು ಬರೆಯುವವರಿಗೆ ಬಹಳ ಒಳ್ಳೆಯದು. ಒಂಬತ್ತೂ ಜನ ಎಲ್ಲಿ ನಿಂತಿದ್ದಾರೆ ಅಂತ ಒಂದೇ ನೋಟಕ್ಕೆ ಕಾಣುತ್ತದೆ. ಮಳೆ ಬಂದರೆ ಮೇಲಿನ ಚಾವಣಿ ಸರಿದುಬರುತ್ತದೆ. ಕೊಡೆ ಹಿಡಿದ ಹಾಗೆ ಮೇಲೆ ಮಾತ್ರ ಮರೆ, ಸುತ್ತಲಿನ ಗಾಳಿ ಹಾಗೇ ಬೀಸುತ್ತದೆ. ಪಕ್ಕದ ಹಳಿಯ ಮೇಲೆ ರೈಲು ಕೂಗಿಕೊಂಡು ಹೋಗುತ್ತದೆ.

ಹೋದಾಗಲೆಲ್ಲ ಮೊದಲು ರೇಡಿಯೋ ಕಾಮೆಂಟೇಟರ್ ಡೇವ್ ನೀಹಾಸ್ ಪ್ರತಿಮೆಯ ಹತ್ತಿರ ಹೋಗುತ್ತೇನೆ. 1977ರಲ್ಲಿ ತಂಡ ಹುಟ್ಟಿದಾಗಿನಿಂದ 2010ರಲ್ಲಿ ತೀರಿಕೊಳ್ಳುವವರೆಗೆ ಮರೀನರ್ಸ್ ಅಂದರೆ ಅವರ ದನಿ. ನನಗೆ ಅವರನ್ನು ಕೇಳುವ ಅದೃಷ್ಟ ಇರಲಿಲ್ಲ. ಪ್ರತಿಮೆಯಲ್ಲಿ ಅವರು ಮೈಕಿನ ಮುಂದೆ ಕೂತಿದ್ದಾರೆ, ಎದುರಿಗೆ ಸ್ಕೋರ್ ಪುಸ್ತಕ ತೆರೆದಿದೆ. ಅದು 1995ರ ಅಕ್ಟೋಬರ್ 8ರ ಪುಟ. ಆಟ ಸಾಮಾನ್ಯವಾಗಿ ಒಂಬತ್ತು ಇನಿಂಗ್ಸ್, ಸಮವಾದರೆ ಮುಂದುವರಿಯುತ್ತದೆ. ಆವತ್ತು ಹನ್ನೊಂದನೇ ಇನಿಂಗ್ಸ್‌ನಲ್ಲಿ ಎಡ್ಗರ್ ಮಾರ್ಟಿನೆಜ್ ಹೊಡೆದ ಡಬಲ್‌ಗೆ (ಹೊಡೆದವನು ಎರಡನೇ ಬೇಸ್ ತಲುಪುವ ಹೊಡೆತ) ಕೆನ್ ಗ್ರಿಫಿ ಜೂನಿಯರ್ ಮೊದಲ ಬೇಸ್‌ನಿಂದ ಓಡಿ ಹೋಮ್ ಪ್ಲೇಟ್ ಮುಟ್ಟಿ, ಯಾಂಕೀಸ್ ತಂಡವನ್ನು 6-5ರಿಂದ ಸೋಲಿಸಿದ ದಿನ. ಅವರ ಪಕ್ಕ ಒಂದು ಖಾಲಿ ಕುರ್ಚಿ ಇದೆ, ಯಾರು ಬೇಕಾದರೂ ಕೂರಬಹುದು. ನಾನು ಒಂದು ನಿಮಿಷ ಕೂತು ಬರುತ್ತೇನೆ.

ನನ್ನ ಪುಸ್ತಕದ ಅತಿ ಚಂದದ ಪುಟ 2012ರ ಆಗಸ್ಟ್ 15ರದು. ಆಗ ನನಗೆ ಏಳು ತಿಂಗಳು. ರಜೆ ಹಾಕಿ ಮನೆಯಲ್ಲಿದ್ದೆ. ಮಧ್ಯಾಹ್ನದ ಪಂದ್ಯ, ಟ್ಯಾಂಪಾ ಬೇ ರೇಸ್ ವಿರುದ್ಧ. ಫೆಲಿಕ್ಸ್ ಹೆರ್ನಾಂಡೆಜ್ ಪಿಚರ್. ಐದನೇ ಇನಿಂಗ್ಸ್ ಮುಗಿದಾಗ ಪುಟ ನೋಡಿದರೆ ಎದುರಾಳಿ ಕಡೆಯ ಚೌಕಗಳಲ್ಲಿ ಒಂದು ಗೆರೆಯೂ ಬೇಸ್ ಕಡೆ ಹೋಗಿಲ್ಲ. ಎದ್ದರೆ ಏನಾಗುತ್ತದೋ ಅಂತ ನೀರು ಕುಡಿಯಲೂ ಏಳಲಿಲ್ಲ. ಕೊನೆಯವನು ನಿಂತೇ ಔಟ್. ಗೆರೆ ಎಳೆದ ‘ಕ’. 27 ಜನ ಬಂದರು, 27 ಜನರೂ ಔಟ್. ಇದಕ್ಕೆ ಪರ್ಫೆಕ್ಟ್ ಗೇಮ್ ಅನ್ನುತ್ತಾರೆ. ಮರೀನರ್ಸ್ ಇತಿಹಾಸದಲ್ಲಿ ಅದೇ ಮೊದಲು. ಇಡೀ ಲೀಗಿನಲ್ಲಿ ಆಮೇಲೆ 2023ರವರೆಗೆ ಯಾರಿಂದಲೂ ಆಗಲಿಲ್ಲ. ಗೆದ್ದಿದ್ದು 1-0. ಹೊಟ್ಟೆಯಲ್ಲಿದ್ದ ಮಗ ಆ ಮಧ್ಯಾಹ್ನವೆಲ್ಲ ಒದೆಯುತ್ತಿದ್ದ.

ಹಾಗಂತ ಒಳ್ಳೆ ದಿನಗಳು ಜಾಸ್ತಿ ಇರಲಿಲ್ಲ. 2001ರಲ್ಲಿ ಇದೇ ತಂಡ 116 ಪಂದ್ಯ ಗೆದ್ದಿತ್ತು. ಆಮೇಲೆ ಇಪ್ಪತ್ತು ವರ್ಷ ಪ್ಲೇಆಫ್ ಮುಖ ನೋಡಲಿಲ್ಲ. 2014ರಲ್ಲೂ 2021ರಲ್ಲೂ ಋತುವಿನ ಕೊನೆಯ ದಿನ ಆಸೆ ಮುರಿಯಿತು. “ಸೋಲೋರನ್ನೇ ಯಾಕೆ ಕಟ್ಕೊಂಡಿದ್ದೀಯ ಪುಟ್ಟೀ?” ಅಂತ ಅಮ್ಮ ಫೋನಿನಲ್ಲಿ ಕೇಳುತ್ತಿದ್ದರು. ನನಗೆ ಉತ್ತರ ಕಷ್ಟವಿರಲಿಲ್ಲ. ಪರಊರಿನಲ್ಲಿ ದಿನವೂ ಸಂಜೆ ಏಳಕ್ಕೆ ತಪ್ಪದೆ ಮನೆಗೆ ಬರುವ ನಂಟರು ಇವರು. ಸೋತು ಬಂದರು ಅಂತ ಬಾಗಿಲು ಹಾಕಲು ಆಗುತ್ತದಾ?

2022ರ ದಸರಾಕ್ಕೆ ಮಗನನ್ನು ಕರೆದುಕೊಂಡು ಮೈಸೂರಿಗೆ ಹೋಗಿದ್ದೆ. ಸಿಯಾಟಲ್‌ನ ಸಂಜೆ ಏಳೂ ಹತ್ತು ಅಂದರೆ ನಮ್ಮಲ್ಲಿ ಮರುದಿನ ಬೆಳಗ್ಗೆ ಏಳೂ ನಲವತ್ತು. ಕಾಫಿ, ತಿಂಡಿ, ಮೊಬೈಲಿನಲ್ಲಿ ರೇಡಿಯೋ. ಅಕ್ಟೋಬರ್ 1, ಶನಿವಾರ ಬೆಳಗ್ಗೆ ಬೊಂಬೆಗಳ ಮುಂದೆ ಚಾಪೆ ಹಾಕಿಕೊಂಡು ಕೂತಿದ್ದೆವು. ಓಕ್ಲೆಂಡ್ ವಿರುದ್ಧ 1-1. ಒಂಬತ್ತನೇ ಇನಿಂಗ್ಸ್, ಇಬ್ಬರು ಔಟ್. ಬದಲಿಯಾಗಿ ಬಂದ ಕ್ಯಾಲ್ ರಾಲಿ. ಮೂರು ಬಾಲ್ (ಗುರಿ ತಪ್ಪಿದ ಎಸೆತ), ಎರಡು ಸ್ಟ್ರೈಕ್. ಆಮೇಲೆ ಹೋಮ್ ರನ್, ಕ್ರಿಕೆಟ್ಟಿನ ಸಿಕ್ಸರ್ ಇದ್ದ ಹಾಗೆ. ಇಪ್ಪತ್ತು ವರ್ಷ ಕಾಣದ ಪ್ಲೇಆಫ್ ಕೊನೆಗೂ ಸಿಕ್ಕಿತು. ನಾನು ಅತ್ತುಬಿಟ್ಟೆ. ಅಮ್ಮ ಅಡುಗೆಮನೆಯಿಂದ ಗಾಬರಿಯಾಗಿ ಓಡಿಬಂದರು. ಮಗ ಅವರ ಕೈಗೆ ಪುಸ್ತಕ ಕೊಟ್ಟು, “ಅಜ್ಜಿ, ಇಲ್ನೋಡಿ” ಅಂತ ಆ ಚೌಕ ತೋರಿಸಿದ. ಅಮ್ಮ ಕನ್ನಡಕ ಹಾಕಿಕೊಂಡು ಪುಟದ ಮೇಲೆಲ್ಲ ಬೆರಳಾಡಿಸಿದರು. “ಇವೆಲ್ಲ ನಮ್ಮ ಅಂಕಿ ಅಲ್ವೇ!” ಅಂದರು. ಹೌದು. ಅಮೆರಿಕದಲ್ಲಿ ಹುಟ್ಟಿದ ನನ್ನ ಮಗ ಒಂದರಿಂದ ಒಂಬತ್ತು ಕಲಿತದ್ದು ಈ ಪುಸ್ತಕದಿಂದಲೇ.

ಅದೇ ವಾರ ಸರಸ್ವತಿ ಪೂಜೆಗೆ ಅಮ್ಮ ಎಲ್ಲ ಪುಸ್ತಕಗಳ ಜೊತೆ ಅದನ್ನೂ ಇಟ್ಟರು. ಪೂಜೆಗಿಟ್ಟದ್ದನ್ನು ತೆಗೆಯುವವರೆಗೆ ಮುಟ್ಟುವಂತಿಲ್ಲ. ಹಾಗಾಗಿ ಆ ದಿನಗಳ ಆಟ ನನ್ನ ಲೆಕ್ಕದಲ್ಲಿ ಇಲ್ಲ. ಅದರ ಬದಲು ಎರಡು ಕಾಳು ಅಕ್ಷತೆ ಪುಟದ ನಡುವೆ ಸಿಕ್ಕಿಕೊಂಡಿದೆ.

ವಾಪಸ್ ಬಂದ ಮೇಲೆ ಅಕ್ಟೋಬರ್ 15ಕ್ಕೆ ಮೈದಾನಕ್ಕೆ ಹೋದೆವು. 2001ರ ನಂತರ ಊರಿನಲ್ಲಿ ಮೊದಲ ಪ್ಲೇಆಫ್ ಪಂದ್ಯ. ಹ್ಯೂಸ್ಟನ್ ವಿರುದ್ಧ 18 ಇನಿಂಗ್ಸ್, ಆರು ಗಂಟೆಗೂ ಮಿಕ್ಕಿ. ಪುಟದಲ್ಲಿ ಇದ್ದದ್ದು ಹನ್ನೆರಡು ಇನಿಂಗ್ಸ್‌ಗೆ ಜಾಗ. ಉಳಿದದ್ದನ್ನು ಪುಳಿಯೋಗರೆ ಕಟ್ಟಿದ್ದ ಕಾಗದದ ಹಿಂದೆ ಬರೆದೆ. 0-1ರಿಂದ ಸೋತೆವು.

2025ರಲ್ಲಿ ರಾಲಿ 60 ಹೋಮ್ ರನ್ ಹೊಡೆದ. ಒಬ್ಬ ಕ್ಯಾಚರ್ ಅಷ್ಟು ಹೊಡೆದದ್ದು ಹಿಂದೆಂದೂ ಇಲ್ಲ. ಲೀಗಿನ ಫೈನಲ್ ಆದ ವರ್ಲ್ಡ್ ಸೀರೀಸ್ ಕಾಣದ ಒಂದೇ ತಂಡ ನಮ್ಮದು. ಆ ಸಲ ಬಾಗಿಲವರೆಗೆ ಬಂದೆವು. ಗೆದ್ದವರು ಫೈನಲ್‌ಗೆ ಹೋಗುವ ಸರಣಿಯ ಏಳನೇ ಪಂದ್ಯ ಟೊರಾಂಟೋದಲ್ಲಿ, ಅಕ್ಟೋಬರ್ 20, ದೀಪಾವಳಿ. ಮುಂಬಾಗಿಲಿಗೆ ದೀಪ ಇಟ್ಟು ಬಂದು ರೇಡಿಯೋ ಹಾಕಿದೆವು. ಆವತ್ತು ಬರೆದವನು ಮಗ, ಆಗ ಅವನಿಗೆ ಹದಿಮೂರು. ಏಳನೇ ಇನಿಂಗ್ಸ್‌ನಲ್ಲಿ 3-1ರಿಂದ ಮುಂದಿದ್ದೆವು, ಎಂಟು ಔಟ್ ಸಾಕಿತ್ತು. ಜಾರ್ಜ್ ಸ್ಪ್ರಿಂಗರ್ ಮೂರು ರನ್ನಿನ ಹೋಮ್ ರನ್ ಹೊಡೆದ. 3-4. ಒಂಬತ್ತನೇ ಇನಿಂಗ್ಸ್‌ನ ಕೊನೆಯವನು ಹೂಲಿಯೊ ರಾಡ್ರಿಗೆಜ್, ಮೂರು ಸ್ಟ್ರೈಕ್. ಮಗ ಸ್ವಲ್ಪ ಹೊತ್ತು ಪೆನ್ಸಿಲ್ ಹಿಡಿದು ಸುಮ್ನೆ ಕೂತಿದ್ದ. ಆಮೇಲೆ ‘ಕ’ ಬರೆದ. ಬ್ಯಾಟ್ ಬೀಸಿದ್ದರಿಂದ ಗೆರೆ ಎಳೆಯಲಿಲ್ಲ.

ಅಷ್ಟರಲ್ಲಿ ಅಮ್ಮನ ವಿಡಿಯೋ ಕಾಲ್ ಬಂತು. ಅಲ್ಲಿ ಬೆಳಗಾಗಿತ್ತು, ಹಿಂದಿನಿಂದ ಪಟಾಕಿ ಸದ್ದು. “ಏನಾಯ್ತು ಮರಿ?” ಅಂದರು. ಅವನು ಮಾತಾಡದೆ ಪುಟವನ್ನು ಕ್ಯಾಮೆರಾ ಮುಂದೆ ಹಿಡಿದ. ಅಮ್ಮ ಮೊದಲ ಸಾಲಿನಿಂದ ಒಂದೊಂದೇ ಅಂಕಿ ಗಟ್ಟಿಯಾಗಿ ಓದುತ್ತಾ ಹೋದರು.