ಶಿಬಿರ ಬಿಟ್ಟು ಮಂಗಳವಾರ ಹಿಡಿದೆವು: ನನ್ನ ಅನುಭವ

ಮಾನಸಿಕ ತೊಂದರೆಯಿರುವ ಹುಡುಗ ಹುಡುಗಿಯರಿಗೆ ದಾನದ ಹಣದಲ್ಲಿ ನಾವೇ ಚಿಕಿತ್ಸೆ ಕೊಡಿಸುವುದು ಬೇಡ, ಸರ್ಕಾರಿ ಆಸ್ಪತ್ರೆಯಲ್ಲಿ ಸಿಗಬೇಕಾದ ಚಿಕಿತ್ಸೆ ಸಿಗುವಂತೆ ಮಾಡಲು ಖರ್ಚು ಮಾಡೋಣ ಎಂದಾಗ ನಮ್ಮ ಟ್ರಸ್ಟಿನಲ್ಲಿ ಒಬ್ಬರೂ ಒಪ್ಪಲಿಲ್ಲ. ಯಾದಗಿರಿ ಜಿಲ್ಲೆಯ ತೊಗರಿ ವ್ಯಾಪಾರದವರು ಸೇರಿ ಕಟ್ಟಿದ ಸಣ್ಣ ಟ್ರಸ್ಟು ನಮ್ಮದು. ವರ್ಷಕ್ಕೆ ನಾಲ್ಕೈದು ಲಕ್ಷ ಕೂಡಿದರೆ ಹೆಚ್ಚು. "ಗೌಡರೇ, ಕೋಣೆ ಕಟ್ಟಿಸಿದರೆ ಶಿಲಾಫಲಕವಾದರೂ ಉಳಿಯುತ್ತದೆ. ಇದಕ್ಕೆ ದಾನಿಗಳ ಹೆಸರು ಎಲ್ಲಿ ಕೆತ್ತಿಸುತ್ತೀರಿ?" ಎಂದು ಹಿರಿಯ ಸದಸ್ಯರೊಬ್ಬರು ಕೇಳಿದ್ದರು. ಈಗ ಪಕ್ಕದ ತಾಲ್ಲೂಕಿನ ವ್ಯಾಪಾರಿಗಳಿಗೆ ಈ ಕೆಲಸವನ್ನು ವಿವರಿಸುತ್ತಿರುವವರು ಅವರೇ.

ಮೊದಲು ಕೈಸುಟ್ಟ ಲೆಕ್ಕ. ಎಲ್ಲರಂತೆ ಉಚಿತ ತಪಾಸಣಾ ಶಿಬಿರದಿಂದ ಶುರುವಾಯಿತು. ಕಲಬುರಗಿಯಿಂದ ಮನೋವೈದ್ಯರು, ಶಾಮಿಯಾನ, ಫ್ಲೆಕ್ಸ್, ಉಪ್ಪಿಟ್ಟು, ಚಹಾ ಎಲ್ಲ ಸೇರಿ ತೊಂಬತ್ತು ಸಾವಿರದ ಹತ್ತಿರ ಹೋಯಿತು. ಬಂದವರಲ್ಲಿ ಬಹುಪಾಲು ಮೊಣಕಾಲು ನೋವಿನ ಹಿರಿಯರು. ಇಪ್ಪತ್ತೈದರ ಒಳಗಿನವರು ಬೆರಳೆಣಿಕೆಯಷ್ಟು. ಅವರಿಗೆ ಸಿಕ್ಕಿದ್ದು ಹತ್ತು ಹದಿನೈದು ದಿನದ ಮಾತ್ರೆ. ಖಿನ್ನತೆಯ ಮಾತ್ರೆ ಕೆಲಸ ತೋರಿಸಲು ಎರಡರಿಂದ ನಾಲ್ಕು ವಾರ ಬೇಕು. ಅಷ್ಟರೊಳಗೆ ಶಿಬಿರದ ಮಾತ್ರೆ ಮುಗಿದಿತ್ತು.

ಆಮೇಲೆ ಕಾಲೇಜಿಗೆ ಆಪ್ತಸಮಾಲೋಚಕರೊಬ್ಬರನ್ನು ನೇಮಿಸಿದೆವು, ತಿಂಗಳಿಗೆ ಸುಮಾರು ಇಪ್ಪತ್ತೈದು ಸಾವಿರ. ಬಹಳ ಒಳ್ಳೆಯವರು. ಹೆಚ್ಚು ಸಂಬಳದ ಕೆಲಸ ಸಿಕ್ಕಿತು, ಬೆಂಗಳೂರಿಗೆ ಹೋದರು. ಆಗಷ್ಟೇ ಬಾಯಿ ಬಿಟ್ಟು ಮಾತನಾಡತೊಡಗಿದ್ದ ಹುಡುಗಿಯರು ನಡುನೀರಿನಲ್ಲಿ ಉಳಿದರು. ಆ ವರ್ಷದ ಖಾತೆ ನೋಡಿದರೆ ಈಗಲೂ ಹೊಟ್ಟೆ ಉರಿಯುತ್ತದೆ. ಇನ್ನು ಅಧಿಕಾರಿಗಳಿಗೆ ಕೊಟ್ಟು ಫೋಟೊ ತೆಗೆಸಿಕೊಂಡ ಮನವಿಗಳು ಸ್ವೀಕೃತಿ ಮುದ್ರೆಯಿಂದ ಮುಂದೆ ಹೋಗಲಿಲ್ಲ.

ವ್ಯವಸ್ಥೆ ಕಾಗದದ ಮೇಲೆ ಇದ್ದೇ ಇದೆ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರಬೇಕು. ಹದಿಹರೆಯದವರಿಗೆ ಸ್ನೇಹ ಕ್ಲಿನಿಕ್ ಇದೆ. ಅಗತ್ಯ ಔಷಧಿಗಳ ಪಟ್ಟಿಯಲ್ಲಿರುವ ಮಾತ್ರೆಗಳನ್ನು ಸಮುದಾಯ ಆರೋಗ್ಯ ಕೇಂದ್ರದಿಂದ ಮೇಲಿನ ಎಲ್ಲ ಸರ್ಕಾರಿ ಆಸ್ಪತ್ರೆಗಳಲ್ಲಿ ಸದಾ ಉಚಿತವಾಗಿ ಕೊಡಬೇಕು ಎಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 18ನೇ ಕಲಂ ಹೇಳುತ್ತದೆ. ನಾನು ಹಿಡಿದುಕೊಂಡದ್ದು ಈ ಕಲಮನ್ನು.

ಸಾಧನ ಎಂದರೆ ಇನ್ನೂರು ಪುಟದ ಒಂದು ನೋಟ್‌ಬುಕ್ಕು. ಆಸ್ಪತ್ರೆಯ ಮುಖ್ಯಸ್ಥರ ಅನುಮತಿ ಪಡೆದು, ಪದವಿ ಓದುತ್ತಿದ್ದ ಹುಡುಗಿಯೊಬ್ಬಳನ್ನು ಮಂಗಳವಾರ ಹೊರರೋಗಿ ವಿಭಾಗದ ಬೆಂಚಿನ ಮೇಲೆ ಕೂರಿಸಿದೆವು. ದಿನಕ್ಕೆ ಮುನ್ನೂರು ರೂಪಾಯಿ, ಊಟ, ಬಸ್ ಚಾರ್ಜು. ಹೊರಬಂದವರು ಇಷ್ಟಪಟ್ಟರೆ ಮಾತ್ರ ಕೇಳಬೇಕು, ಹೆಸರು ಬರೆಯಕೂಡದು. ಒಂದು ಸಾಲು ನನಗೆ ಬಾಯಿಪಾಠವಾಗಿದೆ: "19, ಹುಡುಗ, ತಾಂಡಾ, ನಿದ್ದೆ ಇಲ್ಲ, ಡಾಕ್ಟರು ಬರೆದುಕೊಟ್ಟರು, ಮಾತ್ರೆ ಇಲ್ಲ, ಹೊರಗೆ 210 ರೂಪಾಯಿ, ಕೊಳ್ಳಲಿಲ್ಲ." ಇಂಥ ಸಾಲುಗಳೇ ಪುಟಗಟ್ಟಲೆ.

ಜೊತೆಗೆ ಹತ್ತು ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಆ ಆಸ್ಪತ್ರೆಯ ವಾರ್ಷಿಕ ಔಷಧಿ ಬೇಡಿಕೆಪಟ್ಟಿ ತರಿಸಿದೆ. ಗಂಟು ಇದ್ದದ್ದು ಅಲ್ಲಿ. ಖಿನ್ನತೆಗೆ ಕೊಡುವ ಮಾತ್ರೆಗಳಲ್ಲಿ ಎಸಿಟಾಲೋಪ್ರಾಮ್ ಪಟ್ಟಿಯಲ್ಲೇ ಇಲ್ಲ, ಫ್ಲುಯೊಕ್ಸೆಟಿನ್ ಹೆಸರಿಗಷ್ಟೇ ಇದೆ. ರೋಗಿಗಳು ಬರುವುದಿಲ್ಲ ಎಂದು ಬೇಡಿಕೆ ಹಾಕುತ್ತಿರಲಿಲ್ಲ, ಮಾತ್ರೆ ಸಿಗುವುದಿಲ್ಲ ಎಂದು ರೋಗಿಗಳು ಬರುತ್ತಿರಲಿಲ್ಲ. ಔಷಧಿ ಉಗ್ರಾಣದವರನ್ನು ದೂರಿ ಏನು ಪ್ರಯೋಜನ?

ಪಟ್ಟಿ ಮತ್ತು ನೋಟ್‌ಬುಕ್ಕು ಎರಡನ್ನೂ ಒಂದೇ ಹಾಳೆಗೆ ಇಳಿಸಿ ಕೆಡಿಪಿ ಸಭೆಗೆ, ಅಂದರೆ ಸರ್ಕಾರಿ ಇಲಾಖೆಗಳ ಕೆಲಸದ ಪ್ರಗತಿ ಪರಿಶೀಲಿಸುವ ಸಭೆಗೆ, ಮುಟ್ಟಿಸಿದೆವು. ಸಭೆಗೆ ಮೊದಲು ಅದನ್ನು ಯಾರ ಮೇಜಿಗೆ, ಯಾವ ದಿನ ಒಯ್ಯಬೇಕು ಎಂಬುದರಲ್ಲಿ ಅರ್ಧ ಕೆಲಸವಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಎದುರು ಕುಳಿತರೆ ಹೇಳುತ್ತೇನೆ. ಪತ್ರಿಕೆಯವರಿಗೆ ಮಾತ್ರ ಮೊದಲೇ ಕೊಡಬೇಡಿ. 13ರಿಂದ 17 ವಯಸ್ಸಿನವರಲ್ಲಿ ಶೇಕಡ 7ರಷ್ಟು ಮಂದಿಗೆ ಮಾನಸಿಕ ತೊಂದರೆ ಇದೆ ಎಂದು ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಸಮೀಕ್ಷೆ ಹೇಳಿತ್ತು. ಆ ಲೆಕ್ಕಕ್ಕೆ ಅಧಿಕಾರಿಗಳು ತಲೆಯಾಡಿಸಿದ್ದರು, ಅಷ್ಟೇ. ತಮ್ಮದೇ ಬೆಂಚಿನ ಲೆಕ್ಕ ಕಂಡಾಗ ಪೆನ್ನು ತೆಗೆದರು.

ಮುಂದಿನ ಬೇಡಿಕೆಪಟ್ಟಿಗೆ ಮಾತ್ರೆಗಳು ಸೇರಿದವು. ಅಲ್ಲಿಯವರೆಗೆ ಆಸ್ಪತ್ರೆಯದೇ ಆರೋಗ್ಯ ರಕ್ಷಾ ಸಮಿತಿಯ ಹಣದಲ್ಲಿ ಸ್ಥಳೀಯವಾಗಿ ಖರೀದಿಸಿದರು. ಪಿಯುಸಿ ಮಕ್ಕಳು ಬೆಳಿಗ್ಗೆ ಬರಲಾರರು ಎಂದು ಪಟ್ಟು ಹಿಡಿದು ಸ್ನೇಹ ಕ್ಲಿನಿಕ್ಕಿಗೆ ಶನಿವಾರ ಮಧ್ಯಾಹ್ನದ ಸಮಯವನ್ನೂ ಗಿಟ್ಟಿಸಿದೆವು. ಮಂಗಳವಾರ ಐದಾರು ಯುವಕರು ಬರುತ್ತಿದ್ದ ಕಡೆ ಈಗ ಇಪ್ಪತ್ತರ ಆಸುಪಾಸು ಬರುತ್ತಾರೆ. ನಮ್ಮ ಭಾಗದಲ್ಲಿ ಇಷ್ಟು ಕಡಿಮೆ ದುಡ್ಡಿನಲ್ಲಿ ಇದನ್ನು ಮಾಡಿ ತೋರಿಸಿದ ಇನ್ನೊಂದು ಟ್ರಸ್ಟನ್ನು ನಾನು ಕಂಡಿಲ್ಲ. ಜೆರಾಕ್ಸ್, ಓಡಾಟ, ಹುಡುಗಿಯ ಭತ್ಯೆ ಎಲ್ಲ ಕೂಡಿ ವರ್ಷಕ್ಕೆ ಒಂದೂಕಾಲು ಲಕ್ಷ ದಾಟಿರಲಾರದು.

ನಡುವೆ ಇನ್ನೊಂದು ಪ್ರಯೋಗವನ್ನೂ ಮಾಡಿದೆ. 2022ರ ಅಕ್ಟೋಬರ್‌ನಲ್ಲಿ ಟೆಲಿ ಮಾನಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ಬಂತಲ್ಲ, ಆ 14416 ಸಂಖ್ಯೆಯ ಚೀಟಿಗಳನ್ನು ಕಾಲೇಜಿನ ಸೂಚನಾ ಫಲಕಕ್ಕೆ ಅಂಟಿಸಿದರೆ ಎಲ್ಲರೆದುರು ಬರೆದುಕೊಳ್ಳಲು ಯಾರಿಗೂ ಧೈರ್ಯವಿಲ್ಲ. ಕ್ಷೌರದಂಗಡಿಯ ಕನ್ನಡಿಯ ಮೂಲೆಗೆ ಅಂಟಿಸಿದೆವು. ಕೂದಲು ಕತ್ತರಿಸಿಕೊಳ್ಳುತ್ತಾ ಓದಿದವರು ಸುಮ್ಮನೆ ಮನಸ್ಸಿನಲ್ಲಿಟ್ಟುಕೊಂಡು ಹೋಗುತ್ತಾರೆ. ಆದರೆ ಹಾಸ್ಟೆಲಿನ ಹುಡುಗರು ಕರೆ ಮಾಡುವುದು ಎಲ್ಲಿಂದ? ಒಂದು ಕೋಣೆಯಲ್ಲಿ ಎಂಟು ಹತ್ತು ಜನ. ವಾರ್ಡನ್ನರನ್ನು ಒಪ್ಪಿಸಿ ಹಳೆಯ ಸಾಮಾನಿನ ಕೋಣೆ ಖಾಲಿ ಮಾಡಿಸಿ, ಕುರ್ಚಿ, ಫ್ಯಾನು, ಒಳಗಿನಿಂದ ಹಾಕಿಕೊಳ್ಳುವ ಚಿಲಕ ಹಾಕಿಸಿದೆ. ಎರಡೂವರೆ ಸಾವಿರ ಆಗಿರಬೇಕು. ಯಾವ ದಾನಿಯೂ ಇದಕ್ಕೆ ಹಣ ಕೊಡಲು ಮುಂದೆ ಬರುವುದಿಲ್ಲ. ಆದರೂ ಮಾಡಿ.

ಮಕ್ಕಳ ಗ್ರಾಮಸಭೆಗಳಲ್ಲಿ ಈ ಬೇಡಿಕೆಯನ್ನು ಠರಾವಿಗೆ ತರಿಸುವ ಕೆಲಸ ಇನ್ನೂ ಕುಂಟುತ್ತಿದೆ. ಅದಕ್ಕಿಂತ ದೊಡ್ಡ ಕೊರತೆ ಗುಳೆ ಹೋಗುವ ಹುಡುಗರದು. ಸುಗ್ಗಿ ಮುಗಿದ ಮೇಲೆ ಬೆಂಗಳೂರು, ಹೈದರಾಬಾದ್, ಮುಂಬೈಗೆ ಕಟ್ಟಡ ಕೆಲಸಕ್ಕೆ ಹೋದರೆ ಮಾತ್ರೆ ಅಲ್ಲಿಗೆ ನಿಂತಿತು. ಹೊರಡುವ ಮುನ್ನ ಎರಡು ತಿಂಗಳ ಮಾತ್ರೆ ಒಟ್ಟಿಗೆ ಕೊಡಿ ಎಂದು ಕೇಳುತ್ತಿದ್ದೇವೆ. ಕೆಲವು ವೈದ್ಯರು ರೋಗಿಯ ಸ್ಥಿತಿ ನೋಡಿ ಕೊಡುತ್ತಾರೆ, ಕೆಲವರು ಅಷ್ಟೊಂದು ಮಾತ್ರೆ ಒಮ್ಮೆಗೇ ಕೈಗೆ ಕೊಡುವುದು ಅಪಾಯ ಎನ್ನುತ್ತಾರೆ. ಇಬ್ಬರ ಮಾತೂ ಸರಿ. ಈ ಸುಗ್ಗಿಯಿಂದ ನೋಟ್‌ಬುಕ್ಕಿನಲ್ಲಿ ಹೊಸ ಕಾಲಂ ಎಳೆದಿದ್ದೇವೆ: ಯಾವ ಊರಿಗೆ ಗುಳೆ, ಯಾವಾಗ ವಾಪಸ್. ನಾಲ್ಕು ತಿಂಗಳ ಸಾಲುಗಳು ತುಂಬಿದ ಮೇಲೆ ಮತ್ತೆ ಕೆಡಿಪಿ ಸಭೆಗೆ ಹೋಗುತ್ತೇವೆ.