ಲಕ್ವದ ಕೈಗೆ ಟಿಡಿಸಿಎಸ್: ಬಾಗಲಕೋಟೆಯಲ್ಲಿ ನನ್ನ ಅನುಭವ

ನಾಲ್ಕು ವರ್ಷಗಳ ಹಿಂದೆ ನವನಗರದ ನನ್ನ ಫಿಸಿಯೊಥೆರಪಿ ಕೇಂದ್ರಕ್ಕೆ ಟಿಡಿಸಿಎಸ್ ಯಂತ್ರ (ತಲೆಗೆ ಕಟ್ಟಿದ ಒದ್ದೆ ಸ್ಪಂಜುಗಳ ಮೂಲಕ ಮಿದುಳಿಗೆ ಅತಿ ಸಣ್ಣ ನೇರ ವಿದ್ಯುತ್ತು ಹರಿಸುವಂಥದು) ತಂದಾಗ, ವೃತ್ತಿಯಲ್ಲಿ ನನಗಿಂತ ಹಿರಿಯರಾದ ಮೂವರು ಅದನ್ನು ರೋಗಿಗಳಿಂದ ದುಡ್ಡು ಕೀಳುವ ಉಪಾಯವೆಂದೇ ಬಗೆದರು. ಅವರಲ್ಲೊಬ್ಬರು ಕಳೆದ ದೀಪಾವಳಿಯ ನಂತರ ತಮ್ಮ ಸೋದರಮಾವನನ್ನು ನನ್ನ ಬಳಿಗೇ ಕಳುಹಿಸಿದ್ದಾರೆ. ಈಗಲಾದರೂ ನಡೆದದ್ದನ್ನು ಬರೆದಿಡಬೇಕು ಎನ್ನಿಸಿತು.

ಯಂತ್ರಕ್ಕೆ ಆಗ ಸುಮಾರು 90,000 ರೂಪಾಯಿ ಬಿತ್ತು. ಪತ್ತಿನ ಸಂಘದಲ್ಲಿ ಸಾಲ ಸಿಕ್ಕಿದ್ದು 60,000 ಮಾತ್ರ. ಉಳಿದದ್ದಕ್ಕೆ ನನ್ನ ಹೆಂಡತಿ ತನ್ನ ಎರಡು ಬಳೆಗಳನ್ನು ಅಡವಿಡಲು ಕೊಟ್ಟಳು. ಮೊದಲ ವರ್ಷ ಹನ್ನೊಂದು ಜನರಿಗೆ ಚಿಕಿತ್ಸೆ ಕೊಟ್ಟೆ, ಒಬ್ಬರಿಗೂ ಹೇಳಿಕೊಳ್ಳುವಂಥ ಗುಣ ಕಾಣಲಿಲ್ಲ. ಹಳ್ಳಿಯಿಂದ ಬಸ್ಸಿನಲ್ಲಿ ಬಂದು ಹೋಗುವವರು ಒಂದು ದಿನದ ಕೂಲಿಯನ್ನೂ ಕಳೆದುಕೊಂಡಿರುತ್ತಾರೆ. ಅಂಥ ನಾಲ್ವರಿಗೆ ಹಣ ಹಿಂದಿರುಗಿಸಿದೆ, ಸುಮಾರು 11,000 ಆಗಿರಬೇಕು. ಸಾಲದ ಕಂತು ಮಾತ್ರ ಯಾರಿಗೂ ಕಾಯಲಿಲ್ಲ.

ತಪ್ಪು ಎಲ್ಲಿತ್ತು ಎಂಬುದು ಒಂದೇ ಸಲ ತಿಳಿಯಲಿಲ್ಲ. ಮೊದಲು ಕಣ್ಣಿಗೆ ಬಿದ್ದದ್ದು ಎಣ್ಣೆ. ನಮ್ಮ ಕಡೆಯ ಹಿರಿಯರು, ಅದರಲ್ಲೂ ಹೆಣ್ಣುಮಕ್ಕಳು, ಬೆಳಿಗ್ಗೆ ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡೇ ಮನೆ ಬಿಡುತ್ತಾರೆ. ಆ ಕೂದಲಿನ ಮೇಲೆ ಸ್ಪಂಜು ಇಟ್ಟರೆ ಇಂಪೀಡೆನ್ಸ್, ಅಂದರೆ ವಿದ್ಯುತ್ತಿಗಿರುವ ಅಡ್ಡಿ, ಏರಿ ಯಂತ್ರ ಕೂಗಿಕೊಳ್ಳುತ್ತದೆ. ಹಿಂದಿನ ರಾತ್ರಿಯೇ ಸೀಗೆಕಾಯಿಯಿಂದ ತಲೆ ತೊಳೆದುಕೊಂಡು ಬರಬೇಕೆಂದು ಈಗ ಚೀಟಿಯಲ್ಲೇ ಬರೆದು ಕೊಡುತ್ತೇನೆ. ಎರಡನೆಯದು ನೀರು. ಸಲೈನ್ ಮುಗಿದ ಒಂದು ದಿನ ಬೋರ್‌ವೆಲ್ ನೀರಿನಲ್ಲಿ ಸ್ಪಂಜು ನೆನೆಸಿದ್ದೆ. ಒಬ್ಬ ಅಜ್ಜಿಯ ಹಣೆಯ ಮೇಲೆ ಕಡಲೆಕಾಳಿನಷ್ಟು ಸುಟ್ಟ ಗಾಯವಾಯಿತು. ಅದು ಮಾಯಲು ಎರಡು ವಾರ ಹಿಡಿಯಿತು, ಅಷ್ಟೂ ದಿನ ನಾನೇ ಅವರ ಮನೆಗೆ ಹೋಗಿ ನೋಡಿಕೊಂಡು ಬಂದೆ. ಅಂದಿನಿಂದ 0.9 ಶೇಕಡಾ ಸಲೈನ್ ಬಿಟ್ಟು ಬೇರೆ ಯಾವ ನೀರನ್ನೂ ಮುಟ್ಟಿಲ್ಲ. ಅದನ್ನೂ ಸಿರಿಂಜಿನಲ್ಲಿ ಅಳೆದೇ ಹಾಕುತ್ತೇನೆ, ಏಕೆಂದರೆ ಸ್ಪಂಜಿನಿಂದ ನೀರು ತೊಟ್ಟಿಕ್ಕಿದರೆ ವಿದ್ಯುತ್ತು ಮಿದುಳಿನ ಕಡೆಗೆ ಇಳಿಯುವುದನ್ನು ಬಿಟ್ಟು ಒದ್ದೆ ಕೂದಲಿನ ಮೇಲೆಯೇ ಹರಿದುಹೋಗುತ್ತದೆ.

ಇವೆರಡನ್ನೂ ಸರಿಪಡಿಸಿದ ಮೇಲೂ ಕೈ ಏಳಲಿಲ್ಲ. ಆಗ ಹಳೆಯ ಪ್ರಬಂಧಗಳನ್ನು ಮತ್ತೆ ಓದಿದೆ. 2000ದಲ್ಲಿ ಜರ್ಮನಿಯ ಗಟಿಂಗನ್‌ನಲ್ಲಿ ನಿಟ್ಶೆ ಮತ್ತು ಪೌಲಸ್, ಇಂಥ ಸಣ್ಣ ವಿದ್ಯುತ್ತು ಮಿದುಳಿನ ಚಲನೆಯ ಭಾಗದ ಚುರುಕನ್ನು ಬದಲಿಸುತ್ತದೆಂದು ತೋರಿಸಿದ ಕೆಲಸ ನಮ್ಮ ವೃತ್ತಿಯವರಿಗೆಲ್ಲ ಗೊತ್ತು. ನನ್ನ ಕಣ್ಣು ತೆರೆಸಿದ್ದು 2009ರಲ್ಲಿ ಜನೀನ್ ರೀಸ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗ. ಆರೋಗ್ಯವಂತರಿಗೆ ಬೆರಳಿನಿಂದ ಚಿವುಟಿ ಹಿಡಿಯುವ ಒಂದು ಕೌಶಲವನ್ನು ಸತತ ಐದು ದಿನ ಕಲಿಸುತ್ತಾ, ಕಲಿಯುವ ಹೊತ್ತಿನಲ್ಲಿಯೇ ಅವರು ವಿದ್ಯುತ್ತು ಕೊಟ್ಟಿದ್ದರು. ಲಾಭ ಮುಖ್ಯವಾಗಿ ಕಂಡದ್ದು ಒಂದು ದಿನದಿಂದ ಮರುದಿನಕ್ಕೆ, ಮತ್ತು ಅದು ಮೂರು ತಿಂಗಳ ನಂತರವೂ ಉಳಿದಿತ್ತು. ನಾನು ಮಾಡುತ್ತಿದ್ದದ್ದಾದರೂ ಏನು? ರೋಗಿಯನ್ನು ಮಂಚದ ಮೇಲೆ ಮಲಗಿಸಿ 20 ನಿಮಿಷ ವಿದ್ಯುತ್ತು ಕೊಡುವುದು, ಚಹಾ ಕುಡಿಸುವುದು, ಒಂದು ತಾಸು ಬಿಟ್ಟು ವ್ಯಾಯಾಮ ಮಾಡಿಸುವುದು, ಅದೂ ವಾರಕ್ಕೆರಡು ಸಲ. ಕೈ ಸುಮ್ಮನೆ ಬಿದ್ದಿರುವಾಗ ಹರಿಸಿದ ಆ ಎರಡು ಮಿಲಿ ಆಂಪಿಯರ್ ವಿದ್ಯುತ್ತು ಕೈಗೆ ಏನನ್ನೂ ಕಲಿಸುವುದಿಲ್ಲ ಎಂಬುದು ನನಗೆ ಆಗ ಮನವರಿಕೆಯಾಯಿತು.

ಹೊಸ ಕ್ರಮದಲ್ಲಿ ಮೊದಲು ಬಂದವರು ಇಳಕಲ್ಲಿನ ಒಬ್ಬ ನೇಕಾರರು, ವಯಸ್ಸು 58 ಇದ್ದಿರಬಹುದು. ಲಕ್ವ ಹೊಡೆದು ಒಂಬತ್ತು ತಿಂಗಳಾಗಿತ್ತು. ಬಲಗೈಯ ಮಣಿಕಟ್ಟು ಸ್ವಲ್ಪ ಮೇಲೇಳುತ್ತಿತ್ತು, ಹೆಬ್ಬೆರಳು ತೋರುಬೆರಳಿನ ಹತ್ತಿರ ಬರುತ್ತಿತ್ತೇ ಹೊರತು ಕೂಡುತ್ತಿರಲಿಲ್ಲ. ಅವರ ಹೆಂಡತಿ ಬಾಗಿಲಲ್ಲೇ ನಿಂತು, "ಸರ, ತಲಿಗೆ ಶಾಕ್ ಕೊಡ್ತೀರೇನ್ರೀ? ಇವ್ರಿಗೇನೂ ಹುಚ್ಚು ಹಿಡದಿಲ್ರೀ" ಎಂದು ಅಳುಮೋರೆ ಮಾಡಿದರು. ಸ್ಪಂಜುಗಳನ್ನು ನನ್ನ ತಲೆಗೇ ಕಟ್ಟಿಕೊಂಡು, ಯಂತ್ರ ನಡೆಯುತ್ತಿರುವಾಗಲೇ ಅವರೊಂದಿಗೆ ಹತ್ತು ನಿಮಿಷ ಮಾತಾಡಿದ ಮೇಲೆ ಅವರು ಒಪ್ಪಿದರು.

ನೇಕಾರರಿಗೆ ಬೇಕಾಗಿದ್ದದ್ದು ಒಂದೇ: ಸೀರೆಯ ಮೈ ಹಾಸನ್ನೂ (ಉದ್ದ ಎಳೆಗಳನ್ನೂ) ಸೆರಗಿನ ಹಾಸನ್ನೂ ಕುಣಿಕೆ ಹಾಕಿ ಜೋಡಿಸುವ ಕೆಲಸ ಮತ್ತೆ ಕೈಗೆ ಬರಬೇಕು. ಹಾಗಾಗಿ ವ್ಯಾಯಾಮದ ಗೂಟ, ಚೆಂಡು ಎಲ್ಲವನ್ನೂ ಬದಿಗಿಟ್ಟು ಮೇಜಿನ ಮೇಲೆ ಒಂದು ಮರದ ಚೌಕಟ್ಟು ನಿಲ್ಲಿಸಿ ಎಳೆಗಳನ್ನು ಕಟ್ಟಿದೆ. ಒಂದು ಕಿವಿಯಿಂದ ಇನ್ನೊಂದು ಕಿವಿಯವರೆಗಿನ ಅವರ ತಲೆಯ ಅಳತೆ 35 ಸೆಂಟಿಮೀಟರ್. ಅದರ ಶೇಕಡಾ 20, ಅಂದರೆ ನೆತ್ತಿಯ ನಡುವಿನಿಂದ ಎಡಕ್ಕೆ 7 ಸೆಂಟಿಮೀಟರ್ ಜಾಗದಲ್ಲಿ ಆನೋಡ್ (ಧನ ಧ್ರುವದ ಸ್ಪಂಜು) ಇಟ್ಟೆ, ಕ್ಯಾಥೋಡನ್ನು (ಋಣ ಧ್ರುವದ್ದನ್ನು) ಬಲ ಹುಬ್ಬಿನ ಮೇಲೆ ಕಟ್ಟಿದೆ. ವಿದ್ಯುತ್ತು ಏರಿ ನಿಂತ ಕ್ಷಣದಿಂದಲೇ ಕೈ ಕೆಲಸಕ್ಕೆ ಇಳಿಯಿತು. ಮೊದಲ ದಿನ ಸೆಣಬಿನ ಹುರಿ, ನಂತರ ದಪ್ಪ ಹತ್ತಿ ನೂಲು, ಕೊನೆಗೆ ರೇಷ್ಮೆ ಎಳೆ. 20 ನಿಮಿಷದ ನಂತರ ಯಂತ್ರ ಆರಿದರೂ ಇನ್ನೂ ಅರ್ಧ ತಾಸು ಅದೇ ಕೆಲಸ. ಒಂದು ಎಳೆಯಿಂದ ಮುಂದಿನ ಎಳೆಗೆ ಯಾವಾಗ ದಾಟಿಸಬೇಕು ಎಂಬುದಕ್ಕೆ ನನ್ನದೇ ಒಂದು ಲೆಕ್ಕವಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಬಂದು ಕುಳಿತು ನೋಡಿದವರಿಗೆ ತೋರಿಸುತ್ತೇನೆ.

ಮೂರನೆಯ ದಿನ ಸಂಜೆಗೆ ಹುರಿಯ ಮೇಲೆ ನಾಲ್ಕೇ ಕುಣಿಕೆ ಬಿದ್ದಿದ್ದವು. ನಾಲ್ಕನೆಯ ದಿನ ಬೆಳಿಗ್ಗೆ, ಯಂತ್ರ ಹಚ್ಚುವ ಮೊದಲೇ, ಹೆಬ್ಬೆರಳು ತೋರುಬೆರಳು ಕೂಡಿ ಹುರಿಯನ್ನು ಹಿಡಿದವು. ಐದು ದಿನಗಳ ಎರಡು ಸುತ್ತು ಮುಗಿದಾಗ, ಲಕ್ವದ ಕೈಯ ಚಲನೆ ಅಳೆಯುವ ಫುಗಲ್ ಮೇಯರ್ ಪರೀಕ್ಷೆಯ ಅಂಕ 66ಕ್ಕೆ 31 ಇದ್ದದ್ದು 39 ಅಥವಾ 40 ಆಗಿತ್ತು. ಒಂದು ನಿಮಿಷದಲ್ಲಿ ಪೆಟ್ಟಿಗೆಯ ಒಂದು ಬದಿಯಿಂದ ಇನ್ನೊಂದು ಬದಿಗೆ ದಾಟಿಸುವ ಮರದ ತುಂಡುಗಳು 12ರಿಂದ 20ರ ಆಸುಪಾಸಿಗೆ ಬಂದವು. ಒಂಬತ್ತು ತಿಂಗಳು ಕಳೆದ ಕೈಯಲ್ಲಿ ಹತ್ತು ದಿನಕ್ಕೆ ಇಷ್ಟು ಏರಿಕೆಯನ್ನು ನಾನು ವ್ಯಾಯಾಮ ಒಂದರಿಂದಲೇ ಎಂದೂ ತಂದಿರಲಿಲ್ಲ.

ಎಲ್ಲರಿಗೂ ಹೀಗಾಗುವುದಿಲ್ಲ. ಆಮೇಲೆ ನೋಡಿದ ಸುಮಾರು 40 ಜನರಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಮಂದಿಗೆ ಲಾಭ ಕಂಡಿದೆ. ಬೆರಳು ಸ್ವಲ್ಪವೂ ಅಲುಗದವರಿಗೆ ಈಗ ನಾನೇ ಬೇಡವೆನ್ನುತ್ತೇನೆ. ಫಿಟ್ಸ್ ಇದ್ದವರು, ತಲೆಬುರುಡೆಯ ಮೂಳೆ ತೆಗೆಸಿಕೊಂಡವರು, ತಲೆಯೊಳಗೆ ಲೋಹ ಇರುವವರು ನರರೋಗ ತಜ್ಞರ ಚೀಟಿಯ ಹಂತದಲ್ಲೇ ನಿಲ್ಲುತ್ತಾರೆ. ಮಾತ್ರೆಗಳ ಪಟ್ಟಿಯನ್ನೂ ನೋಡಬೇಕು: ನೋವಿಗೆಂದು ಕಾರ್ಬಮಜೆಪೈನ್ ತೆಗೆದುಕೊಳ್ಳುತ್ತಿದ್ದ ಇಬ್ಬರಿಗೆ ಏನೂ ಲಾಭವಾಗಲಿಲ್ಲ. ಆ ಮಾತ್ರೆ ಆನೋಡಿನ ಪರಿಣಾಮವನ್ನು ಅಳಿಸಿಹಾಕುತ್ತದೆ ಎಂದು ನಿಟ್ಶೆಯವರ ತಂಡ 2003ರಲ್ಲೇ ತೋರಿಸಿತ್ತು. ನಾನು ಅದನ್ನು ಓದಿದ್ದು ತಡವಾಗಿ.

ನಡುವೆ ಲಕ್ವ ಆಗದ ಹಿರಿಯರ ಮೇಲೂ ಒಂದು ಪ್ರಯೋಗ ಮಾಡಿದೆ. ನಮ್ಮ ಓಣಿಯ ಭಜನಾ ಮಂಡಳಿಯ ಆರು ಜನ, ಎಲ್ಲರೂ 65 ದಾಟಿದವರು, ಹಾರ್ಮೋನಿಯಂ ಮನೆಗಳ ಮೇಲೆ ಹೊಸದೊಂದು ಸ್ವರಗುಚ್ಛ ಕಲಿಯಲು ಒಪ್ಪಿದರು. ಪ್ರತಿಯೊಬ್ಬರಿಗೂ ಒಂದು ವಾರ ನಿಜವಾದ ವಿದ್ಯುತ್ತು. ಇನ್ನೊಂದು ವಾರ ಬೇರೆ ಸ್ವರಗುಚ್ಛದೊಂದಿಗೆ 30 ಸೆಕೆಂಡಿಗೇ ಆರಿಹೋಗುವ ಹುಸಿ ವಿದ್ಯುತ್ತು. ಗುಂಡಿ ಒತ್ತುತ್ತಿದ್ದದ್ದು ನನ್ನ ಅಳಿಯ, ಯಾವ ವಾರ ಯಾವುದೆಂದು ನನಗೂ ಗೊತ್ತಿರಲಿಲ್ಲ. ಕಲಿತ ದಿನ ವ್ಯತ್ಯಾಸವೇ ಕಾಣಲಿಲ್ಲ. ಮರುದಿನ ನುಡಿಸಿದಾಗ ನಾಲ್ವರು ನಿಜ ವಿದ್ಯುತ್ತಿನ ವಾರದಲ್ಲಿ ಕಲಿತದ್ದನ್ನೇ ಹೆಚ್ಚು ತಪ್ಪಿಲ್ಲದೆ ನುಡಿಸಿದರು, ಇಬ್ಬರಿಗೆ ಎರಡೂ ಒಂದೇ ಆಗಿದ್ದವು. ಆರು ಜನರಿಂದ ತೀರ್ಮಾನಕ್ಕೆ ಬರಲಾಗದು, ಆದರೆ ಮರುದಿನದ ಪರೀಕ್ಷೆಯನ್ನು ನಾನು ಅಂದಿನಿಂದ ಯಾವ ರೋಗಿಗೂ ತಪ್ಪಿಸಿಲ್ಲ. ಕಾಲಿಗೂ ಪ್ರಯತ್ನಿಸಿದ್ದೆ. ಕಾಲಿನ ಭಾಗ ಮಿದುಳಿನ ಎರಡು ಹೋಳುಗಳ ನಡುವಿನ ಸಂದಿನಲ್ಲಿ ಆಳಕ್ಕಿರುವುದರಿಂದಲೋ ಏನೋ, ನಾಲ್ಕು ತಿಂಗಳು ಹೆಣಗಿದರೂ ನಡಿಗೆ ಸುಧಾರಿಸಲಿಲ್ಲ, ಬಿಟ್ಟುಬಿಟ್ಟೆ.

ಈಗ ಒಂದು ಸಲಕ್ಕೆ 300 ರೂಪಾಯಿ ತೆಗೆದುಕೊಳ್ಳುತ್ತೇನೆ. ಸಲೈನ್, ಸವೆಯುವ ಸ್ಪಂಜು ಸೇರಿ ನನಗೆ 50 ರೂಪಾಯಿಯಷ್ಟು ಖರ್ಚು ಬರುತ್ತದೆ. ಬಳೆಗಳನ್ನು ಹೋದ ಯುಗಾದಿಗೆ ಬಿಡಿಸಿಕೊಂಡು ಬಂದೆ, ಸಾಲದಲ್ಲಿ ಮೂರು ಕಂತು ಉಳಿದಿವೆ. ಬನಶಂಕರಿ ಜಾತ್ರೆಯ ದಿನಗಳಲ್ಲಿ ಸತತ ಐದು ದಿನ ಯಾರೂ ಬರುವುದಿಲ್ಲವಾದ್ದರಿಂದ ಮುಂದಿನ ಸುತ್ತನ್ನು ಜಾತ್ರೆ ಮುಗಿದ ಮೇಲೆ ಇಟ್ಟಿದ್ದೇನೆ. ಅದರಲ್ಲಿ ಐದು ಜನರಿದ್ದಾರೆ, ಅವರಲ್ಲಿ ಒಬ್ಬರು ಗುಳೇದಗುಡ್ಡದ ಖಣ ನೇಯುವವರು. ಅವರಿಗಾಗಿ ಚೌಕಟ್ಟನ್ನು ಇನ್ನಷ್ಟು ಸಣ್ಣದಾಗಿ ಮಾಡಿಸಲು ಬಡಿಗೇರರಿಗೆ ಕೊಟ್ಟು ಬಂದಿದ್ದೇನೆ.